ಎರಡನೆಯ ಹೆಸರು

ನನಗೊಂದು ಅಭ್ಯಾಸವಿದೆ. ಡೈರಿಗೆ ಬಿಟ್ಟರೆ ಅದನ್ನು ಯಾರಿಗೂ ಹೇಳಿಲ್ಲ. ಕೈಗೆ ಕೆಲಸ ಸಿಕ್ಕಿದ ಕೂಡಲೇ ಗಂಟಲು ತನ್ನಷ್ಟಕ್ಕೆ ಗುನುಗತೊಡಗುತ್ತದೆ. ನಾಲ್ಕು ಜನರೆದುರು ಬಾಯಿ ಬಿಡಲಾರದವಳು ನಾನು. ಆದರೂ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವಾಗ, ರಾಗಿ ಕೇರುವಾಗ, ಏನನ್ನು ಗುನುಗುತ್ತಿದ್ದೇನೆಂದು ನನಗೇ ತಿಳಿಯದಷ್ಟು ಸಲೀಸಾಗಿ ಗುನುಗುತ್ತಿರುತ್ತೇನೆ. ನಲವತ್ತೈದನೆಯ ಇಸವಿಯ ಜನವರಿಯ ಒಂದು ಭಾನುವಾರ ಬೆಳಿಗ್ಗೆ ನನ್ನ ಡೈರಿಯಲ್ಲಿ ಎರಡೇ ಸಾಲು ಇದೆ: "ಇವತ್ತು ಚನ್ನರಾಯಪ್ಪನವರು ಊಟಕ್ಕೆ ಬರುತ್ತಾರೆ. ಅವರ ಕಿವಿಗೆ ಬೀಳುವಂತೆ ನಾನು ಆ ಹಾಡು ಗುನುಗಿಬಿಟ್ಟರೆ?"

ಹಾಡು ಕಟ್ಟಿದವಳು ನಾನೇ. ಅದು ಗೊತ್ತಿದ್ದದ್ದು ಅಮ್ಮನಿಗೆ, ನಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ ಮುನಿಯಲ್ಲಮ್ಮನಿಗೆ, ಮತ್ತು ಡೈರಿಗೆ. ಅಪ್ಪನಿಗೆ ಗೊತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಡಿಸ್ಟ್ರಿಕ್ಟ್ ಬೋರ್ಡಿನ ಚುನಾವಣೆಯಲ್ಲಿ ಶ್ರೀನಿವಾಸಪುರದ ನಮ್ಮಪ್ಪ ಕೋದಂಡರಾಮಪ್ಪನವರೂ ಗೌನಿಪಲ್ಲಿಯ ಚನ್ನರಾಯಪ್ಪನವರೂ ಎದುರುಬದುರು ನಿಂತಿದ್ದರು. ಇಬ್ಬರೂ ಖಾದಿಯವರು, ಒಂದೇ ಪಕ್ಷದವರು. ಕೋಲಾರದ ಹೈಸ್ಕೂಲಿನಲ್ಲಿ ಒಂದೇ ಕೋಣೆಯಲ್ಲಿ ಇದ್ದುಕೊಂಡು ಓದಿದವರು; ಮೂವತ್ತೊಂಬತ್ತರಲ್ಲಿ ಬಾವುಟ ಹಾರಿಸಿ ಒಂದೇ ದಿನ ಜೈಲಿಗೆ ಹೋದವರು. ಅಪ್ಪ ಆರು ತಿಂಗಳು ಒಳಗಿದ್ದರು. ಚನ್ನರಾಯಪ್ಪನವರು ಒಂಬತ್ತನೆಯ ದಿನ ಕ್ಷಮೆ ಕೇಳುವ ಮುಚ್ಚಳಿಕೆಗೆ ರುಜು ಹಾಕಿ ಹೊರಗೆ ಬಂದುಬಿಟ್ಟರು. ಮನೆಗೂ ಹೋಗದೆ ನೇರ ತಮ್ಮ ಮಾವಿನ ತೋಪಿಗೆ ನಡೆದರೆಂದು ಕಂಡವರೆಲ್ಲ ಹೇಳಿದರು. ಆಗ ಕಾಯಿ ಬಲಿಯುವ ಕಾಲ. ಅಲ್ಲಿಂದ ಪಕ್ಷ ಎರಡಾಯಿತು, ನಮ್ಮ ಕಸಬೆ ಶ್ರೀನಿವಾಸಪುರದ್ದೊಂದು ಗುಂಪು, ಗೌನಿಪಲ್ಲಿಯದೊಂದು.

ನಮ್ಮ ಕಡೆಯ ಮದುವೆಗಳಲ್ಲಿ ಗಂಡಿನವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಹಾಡಿನಲ್ಲೇ ಹಂಗಿಸುತ್ತಾರೆ. ಮದುಮಗ ಮಾಲುಗಣ್ಣ, ಬೀಗಿತ್ತಿ ಹೊಟ್ಟೆಬಾಕಿ, ಬಾಯಿಗೆ ಬಂದದ್ದೆಲ್ಲ. ಎಷ್ಟೇ ಚುಚ್ಚಿದರೂ ಯಾರೂ ಕೋಪಿಸಿಕೊಳ್ಳಬಾರದು, ಅದು ಕಟ್ಟಳೆ. ಕೋಪಿಸಿಕೊಂಡವನೇ ನಗೆಪಾಟಲಾಗುತ್ತಾನೆ. ನಾನು ಆ ಧಾಟಿ ಹಿಡಿದದ್ದು ಅದಕ್ಕೇ. ಇಂಟರ್‌ಮೀಡಿಯೆಟ್ ಮುಗಿಸಿ ರಜೆಗೆ ಬಂದಿದ್ದೆ, ಹದಿನೆಂಟು ವರ್ಷ, ತಲೆತುಂಬ ಪದಗಳು.

ಜೈಲಿಗೆ ಹೋದ ಮದುವಣಿಗ
ಒಂಬತ್ತೇ ದಿನಕೆ ಓಡಿ ಬಂದ
ಮನೆಗೂ ಬರಲಿಲ್ಲ, ಮಡದೀನೂ ಕೇಳಲಿಲ್ಲ
ಕಾಯಿ ಎಣಿಸೋಕೆ ತೋಪಿಗೆ ಬಂದ

ಹುಳುಮನೆಯಲ್ಲಿ ತಟ್ಟೆಗಳ ನಡುವೆ ಕೂತು ಮುನಿಯಲ್ಲಮ್ಮನಿಗೆ ಮೆಲುದನಿಯಲ್ಲಿ ಹೇಳಿಕೊಟ್ಟೆ. ಅವಳು ಹೊಲದಲ್ಲಿ ಹಾಡಿದಳು. ಹದಿನೈದು ದಿನದಲ್ಲಿ ತಾಲ್ಲೂಕಿನ ಕಳೆ ಕೀಳುವ ಹೆಂಗಸರೆಲ್ಲ ಹಾಡಿದರು. ಆ ಹೆಂಗಸರಲ್ಲಿ ಒಬ್ಬಳಿಗೂ ಓಟಿರಲಿಲ್ಲ. ಆದರೆ ಓಟಿದ್ದ ಗಂಡಸರನ್ನು ಅವರು ನಗಿಸಿದರು. ಅಪ್ಪ ಗೆದ್ದರು. ಮುನಿಯಲ್ಲಮ್ಮನ ಬಾಯಿ ಅಂದರೆ ಬಾಯಿ ಎಂದು ಅಪ್ಪ ಕಂಡಕಂಡವರೊಡನೆ ಹೊಗಳಿದರು. ಹಾಡು ಅವಳದೇ ಎಂದಾಯಿತು. ಅವಳು ಅಲ್ಲವೆನ್ನಲಿಲ್ಲ, ನಾನೂ ಅನ್ನಲಿಲ್ಲ.

ಅದಕ್ಕೆ ಅವಳು ತೆತ್ತದ್ದು ನನಗೆ ತಿಳಿದದ್ದು ಬಹಳ ತಡವಾಗಿ. ಅವಳ ಒಬ್ಬಳೇ ಮಗಳು ಬೈರಮ್ಮನನ್ನು ಗೌನಿಪಲ್ಲಿಗೆ ಕೊಟ್ಟಿತ್ತು. ಪ್ರತಿ ಬೇಸಿಗೆಯಲ್ಲಿ ಎರಡು ತಿಂಗಳು ಅಲ್ಲಿ ಮಗಳ ಮನೆಯಲ್ಲಿದ್ದು ಮಾವಿನ ಕೆಲಸಕ್ಕೆ ಹೋಗುತ್ತಿದ್ದಳು. ಹಾಡಿನ ನಂತರ ಊರಿನವರು ಮುಖ ತಿರುಗಿಸಿದರು. ಅಳಿಯ ಹೇಳಿಕಳಿಸಿದನಂತೆ, ಅತ್ತೆ ಈ ಕಡೆ ಬರೋದು ಬೇಡ ಎಂದು. ಬೈರಮ್ಮನಿಗೆ ಮಗುವಾಗಿ ಎರಡು ವರ್ಷವಾಗಿತ್ತು. ಮುನಿಯಲ್ಲಮ್ಮ ಅದರ ಮುಖ ನೋಡಿರಲಿಲ್ಲ.

ಈ ಸಲ ನಮ್ಮ ತಾಲ್ಲೂಕಿನಿಂದ ಬೋರ್ಡಿಗೆ ಇಬ್ಬರು ಹೋಗಬೇಕು. ಜಮೀನ್ದಾರರ ಕಡೆಯ ಇಬ್ಬರು ಆಗಲೇ ಒಂದೇ ಕಾರಿನಲ್ಲಿ ಊರೂರು ತಿರುಗುತ್ತಿದ್ದರು. ಪಕ್ಷದ ಸಮಿತಿ ನಮ್ಮ ಪಡಸಾಲೆಯಲ್ಲಿ ಸೇರಿತು. ಮೊದಲ ಹೆಸರು ಅಪ್ಪನದೆಂದು ಎಲ್ಲರೂ ಒಪ್ಪಿದ್ದರು. ಎರಡನೆಯದಕ್ಕೆ ಕಸಬೆಯ ಸುಬ್ಬರಾಯಪ್ಪ ಹೊಸ ಜುಬ್ಬ ಹೊಲಿಸಿಕೊಂಡು ಬಂದಿದ್ದರು. ನಾನು ನಡುಮನೆಯ ಬಾಗಿಲ ಹಿಂದಿದ್ದೆ. ಅಪ್ಪ ಹೆಗಲ ಮೇಲಿನ ಟವಲು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಹೇಳಿದರು, ಎರಡನೆಯ ಹೆಸರು ಚನ್ನರಾಯಪ್ಪನದು.

ಗದ್ದಲ ಇಳಿದ ಮೇಲೆ ಸುಬ್ಬರಾಯಪ್ಪ ಕೇಳಿದರು, "ಮಾಫಿ ಬರ್ಕೊಟ್ಟು ಬಂದೋನ ಪಕ್ಕ ನಿಮ್ಮ ಹೆಸರು ಹಾಕ್ಸೋದಾ?"

"ನೀನು ಎಷ್ಟು ದಿನ ಇದ್ದೆ ಜೈಲಲ್ಲಿ, ಸುಬ್ಬರಾಯಪ್ಪ?"

ಸುಬ್ಬರಾಯಪ್ಪ ಜೈಲಿನ ಬಾಗಿಲನ್ನೂ ಕಂಡವರಲ್ಲ.

"ಅವನು ಒಂಬತ್ತು ದಿನ ಇದ್ದ," ಎಂದರು ಅಪ್ಪ. "ನಿನಗಿಂತ ಒಂಬತ್ತು ದಿನ ಜಾಸ್ತಿ."

ಹಾಗೆ ಆ ಭಾನುವಾರ ಚನ್ನರಾಯಪ್ಪನವರೂ ಅವರ ಹೆಂಡತಿ ಅಕ್ಕಯಮ್ಮನವರೂ ಆರು ವರ್ಷದ ನಂತರ ನಮ್ಮ ಹೊಸ್ತಿಲು ದಾಟಿದರು. ಗಂಡಸರಿಬ್ಬರೂ ಜಗಲಿಯ ಮೇಲೆ ಕೂತು ಮೊದಲು ಮಳೆ ಬೆಳೆ ಮಾತಾಡಿದರು. ಕೊನೆಗೆ ಚನ್ನರಾಯಪ್ಪನವರ ದನಿ ಕೇಳಿಸಿತು: "ಏನಯ್ಯಾ ಕೋದಂಡ, ನಾನು ಬಂದ್ಮೇಲೆ ನನ್ನ ಪಾಲಿನ ರಾಗಿಮುದ್ದೇನೂ ನೀನೇ ತಿಂದ್ಯಂತಲ್ಲ ಜೈಲಲ್ಲಿ. ಬೋರ್ಡಲ್ಲಾದ್ರೂ ನನ್ನ ಪಾಲು ನಂಗೆ ಬಿಡ್ತೀಯೋ ಇಲ್ವೋ?" ಅಪ್ಪ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ಅಡುಗೆಮನೆಯಲ್ಲಿ ಹಿದುಕಿದ ಬೇಳೆಯ ಸಾರಿಗೆ ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದೆ. ಅಕ್ಕಯಮ್ಮನವರು ಬೇಡವೆಂದರೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಕೆಲಸ ಹಿತವಾಗಿತ್ತು, ಅವರ ಬಳೆಯ ಸದ್ದೂ ಹಿತವಾಗಿತ್ತು. ಆ ಹಾಡು ಗುನುಗುತ್ತಿದ್ದೇನೆಂದು ನನಗೆ ಅರಿವಾದದ್ದು ಅವರು ನನ್ನ ಜೊತೆ ದನಿಗೂಡಿಸಿದ ಮೇಲೆ. "ಮನೆಗೂ ಬರಲಿಲ್ಲ" ಎಂಬಲ್ಲಿಗೆ ನಾನು ನಿಂತುಬಿಟ್ಟೆ. ಉಳಿದದ್ದನ್ನು ಅವರೇ ಹಾಡಿ ಮುಗಿಸಿದರು, ಒಂದು ಪದವೂ ತಪ್ಪದೆ.

"ಯಾಕೆ ನಿಲ್ಲಿಸ್ದೆ ತಲ್ಲೀ? ಧಾಟಿ ಚೆನ್ನಾಗೈತೆ. ನಮ್ಮನೇಲಿ ನಾನೂ ಹಾಡ್ಕೋತೀನಿ, ಅವರಿಲ್ಲದಾಗ."

ನನ್ನ ಕೈಯಲ್ಲಿದ್ದ ಕಾಳು ಚಿಮ್ಮಿ ಒಲೆಯ ಹತ್ತಿರ ಬಿತ್ತು. ಅವರು ಅದನ್ನು ಎತ್ತಿಕೊಂಡು, ಊದಿ, ಬೇಳೆಯ ಕಡೆಗೆ ಹಾಕಿದರು. ಆಮೇಲೆ ಮಾಮೂಲು ಮಾತಿನಂತೆ ಹೇಳುತ್ತ ಹೋದರು. ಚನ್ನರಾಯಪ್ಪನವರನ್ನು ಪೊಲೀಸರು ಕರೆದುಕೊಂಡು ಹೋದ ದಿನವೇ ಅವರ ತಾಯಿ ದೊಡ್ಡಗಂಗಮ್ಮ ಮನೆ ಬಿಟ್ಟು ತೋಪಿನ ಕಾವಲು ಗುಡಿಸಲಲ್ಲಿ ಹೋಗಿ ಕೂತರಂತೆ. ಮಗ ಬಂದು ತುತ್ತು ಇಡುವವರೆಗೆ ಅನ್ನ ಮುಟ್ಟುವುದಿಲ್ಲ, ಅವನಿಲ್ಲದ ಮನೆಯೊಳಗೂ ಕಾಲಿಡುವುದಿಲ್ಲ ಎಂದು. ಒಂಬತ್ತು ದಿನ ಬರೀ ನೀರು. ಎಂಟನೆಯ ದಿನ ಸುದ್ದಿ ಜೈಲಿಗೆ ತಲುಪಿತು. ಮನೆಗೆ ಹೋಗದೆ ತೋಪಿಗೆ ಯಾಕೆ ಹೋದರು ಎಂದರೆ, ಅವ್ವ ಇದ್ದದ್ದು ಅಲ್ಲಿ.

"ಊರಿಗೆಲ್ಲ ಇದನ್ನ ಹೇಳಬಹುದಿತ್ತಲ್ಲ, ಅತ್ತೆ?" ಎಂದೆ.

"ನಾನೂ ಅಂದೆ. ಬೇಡ ಅಂದ್ರು. ಈಗ ನನ್ನೊಬ್ಬನ್ನ ಹಾಡ್ತಾವ್ರೆ, ಹೇಳಿದ್ರೆ ಅವ್ವನ್ನೂ ಸೇರಿಸ್ಕೊಂಡು ಹಾಡ್ತಾರೆ ಅಂದ್ರು."

ಊಟ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ಅವರು ಹೊರಟ ಮೇಲೆ ನಾನು ಪೆಟ್ಟಿಗೆಯಿಂದ ನಲವತ್ತೊಂದರ ಡೈರಿ ತೆಗೆದೆ. ಬೇಕಾದ ಪುಟ ಬೇಗ ಸಿಕ್ಕಿತು, ಎಲ್ಲಿದೆಯೆಂದು ಎಲ್ಲೋ ಒಳಗೆ ನೆನಪಿತ್ತೆಂದು ಕಾಣುತ್ತದೆ. "ಹಾಡು ಹೇಳಿಕೊಟ್ಟೆ. ಕೊನೆಯ ಸಾಲಿಗೆ ಮುನಿಯಲ್ಲಮ್ಮ ತಡೆದಳು. ಅವರವ್ವ ತೋಪಿನ ಗುಡಿಸಲಲ್ಲಿದ್ದಳಂತೆ, ಅವಳನ್ನು ನೋಡಲು ಹೋದದ್ದಂತೆ, ಬೈರಮ್ಮ ಹೇಳಿದಳಂತೆ. ಇದ್ದರೂ ಇರಬಹುದು. ಆದರೆ 'ಕಾಯಿ ಎಣಿಸೋಕೆ' ಎಷ್ಟು ಚೆನ್ನಾಗಿ ಕೂರುತ್ತದೆ. ಬದಲಿಸಲು ಮನಸ್ಸು ಬರಲಿಲ್ಲ." ಬರಹ ದುಂಡಗಿತ್ತು, ಪರೀಕ್ಷೆಗೆ ಬರೆದ ಹಾಗೆ. ಉಪವಾಸದ ಮಾತು ನನಗೆ ತಿಳಿದಿರಲಿಲ್ಲ, ನಿಜ. ತಾಯಿ ಅಲ್ಲಿದ್ದದ್ದು ತಿಳಿದಿತ್ತು.

ಮರುದಿನ ಅಪ್ಪ ಮತ್ತು ಚನ್ನರಾಯಪ್ಪನವರು ಒಟ್ಟಿಗೆ ಹಳ್ಳಿಗಳಿಗೆ ಹೊರಟರು. ಮೊದಲ ಊರಿನ ಕಣದಲ್ಲಿ ರಾಗಿ ತೂರುತ್ತಿದ್ದ ಹೆಂಗಸರು ಅಪ್ಪನನ್ನು ಕಂಡು ಸಂತೋಷದಿಂದ ಆ ಹಾಡನ್ನೇ ಎತ್ತಿದರಂತೆ. ನಮ್ಮಪ್ಪ ಬಂದರೆ ಆ ಹಾಡು ಎಂದು ಅವರಿಗೆ ರೂಢಿ. ಪಕ್ಕದಲ್ಲಿರುವವರು ಯಾರೆಂದು ಅವರು ನೋಡಿರಲೂ ಇಲ್ಲ. ಚನ್ನರಾಯಪ್ಪನವರು ನಗುತ್ತಲೇ ನಿಂತಿದ್ದರಂತೆ. ಅವರ ಜೊತೆ ಗೌನಿಪಲ್ಲಿಯಿಂದ ಬಂದ ಇಪ್ಪತ್ತು ಜನ ಅಲ್ಲಿಂದಲೇ ತಿರುಗಿ ನಡೆದರಂತೆ.

ಸಂಜೆ ಇಬ್ಬರೂ ಜಗಲಿಗೆ ಬಂದರು. ನಾನು ನೀರಿನ ಚೊಂಬು ಇಟ್ಟು ಬಾಗಿಲ ಮರೆಗೆ ಸರಿದೆ.

"ನಂಗೆ ಕೋಪ ಇಲ್ಲ ಕಣೋ ಕೋದಂಡ," ಎಂದರು ಚನ್ನರಾಯಪ್ಪನವರು. "ಬೀಗರ ಹಾಡಿಗೆ ಕೋಪ ಮಾಡ್ಕೊಂಡೋನು ಮನುಷ್ಯನೇ ಅಲ್ಲ. ಆದ್ರೆ ನಮ್ಮೋರು ಬರಲ್ಲ ಅಂತಾವ್ರೆ. ಹಾಡು ಕಟ್ಟಿದೋರು ನಮ್ಮವ್ವನ ಮುಂದೆ ಎಲೆಅಡಿಕೆ ಹಿಡ್ಕೊಂಡು ಬಂದು ತಪ್ಪಾಯ್ತು ಅನ್ನಲಿ. ಅವ್ವ ಒಂದು ಎಲೆ ತಗೊಂಡ್ರೆ ಎಲ್ರೂ ಬಾಯಿ ಮುಚ್ಕೋತಾರೆ. ಇಲ್ಲಾಂದ್ರೆ ಗುರುವಾರ ನನ್ನ ಹೆಸರು ಕೊಡಬೇಡ."

ಗುರುವಾರ ಹೆಸರು ಕೊಡಲು ಕೊನೆಯ ದಿನ.

ಅಪ್ಪ ಹಗುರಾಗಿ ಉಸಿರುಬಿಟ್ಟದ್ದು ನನಗೆ ಕೇಳಿಸಿತು. ಕಟ್ಟಿದ್ದು ಮುನಿಯಲ್ಲಮ್ಮ ತಾನೇ, ಬುಧವಾರ ನಾನೇ ಗಾಡೀಲಿ ಕರ್ಕೊಂಡು ಬರ್ತೀನಿ ಎಂದರು.

ಮಂಗಳವಾರವಿಡೀ ನಾನು ಅಮ್ಮನ ಹಿಂದೆಮುಂದೆ ತಿರುಗಿದೆ. ಅಮ್ಮ ಗಟ್ಟಿ ಹೆಂಗಸು. ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ ಎಂದಳು. ನಾನು ಮತ್ತೆ ಬಾಯಿ ತೆರೆದಾಗ ಕೈಯಲ್ಲಿದ್ದ ಮೊರ ಕೆಳಗಿಟ್ಟು ಹೇಳಿದಳು, "ಮಗಳು ಕಟ್ಟಿದ್ದು ಅಂದ್ರೆ ಅಪ್ಪ ಕಟ್ಟಿಸಿದ್ದು ಅಂತಾರೆ ಕಣೇ ಜನ. ಆಮೇಲೆ ಗೌನಿಪಲ್ಲಿಯೋರು ನಿಮ್ಮಪ್ಪನ ಪಕ್ಕ ನಿಲ್ತಾರಾ? ನಿನ್ನನ್ನ ಯಾರು ಮನೆ ತುಂಬಿಸ್ಕೋತಾರೆ, ಊರೋರ ಮೇಲೆ ಹಾಡು ಕಟ್ಟೋಳು ಅಂತ ಹೆಸರಾದ್ರೆ?" ಅಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಬುಧವಾರ ಮುನಿಯಲ್ಲಮ್ಮ ನನ್ನ ಕೈ ಹಿಡಿದು, ಅಮ್ಮಣ್ಣಿಯೂ ಬರಲಿ, ನನಗೆ ಧೈರ್ಯ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಗಾಡಿಯ ಮುಂದೆ ಕೂತರು, ನಾವಿಬ್ಬರು ಹಿಂದೆ ಹುಲ್ಲಿನ ಮೇಲೆ. ಅವಳು ತಲೆಗೆ ಎಣ್ಣೆ ಹಚ್ಚಿ, ನಮ್ಮಮ್ಮ ಕೊಟ್ಟ ಸೀರೆ ಉಟ್ಟು, ಮಡಿಲಲ್ಲಿ ಒಂದು ಪುಟ್ಟ ಗಂಟು ಇಟ್ಟುಕೊಂಡಿದ್ದಳು. ಮಗುವಿಗೆ ತಾನೇ ಹೊಲಿದ ಕುಲಾವಿ. ಎರಡು ವರ್ಷದ ತಲೆಗೆ ಅದು ಹಿಡಿಸುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಬಿಚ್ಚಿ ಬಿಚ್ಚಿ ತನ್ನ ಮುಷ್ಟಿಗೆ ಹಾಕಿ ಅಳೆಯುತ್ತಿದ್ದಳು.

"ನಾನು ಹೇಳ್ತೀನಿ ಮುನಿಯಲ್ಲಮ್ಮ," ಎಂದು ಪಿಸುಗುಟ್ಟಿದೆ.

"ನೀನು ಸುಮ್ಕಿರು ಅಮ್ಮಣ್ಣಿ. ಹಾಡೀ ಹಾಡೀ ನಂದೇ ಅನ್ನಿಸ್ಬಿಟ್ಟೈತೆ ನಂಗೂವೆ. ಒಂದು ಎಲೆ ಕೈಗಿಟ್ಟು ಬಂದ್ರೆ ಮೊಮ್ಮಗೀನ ನೋಡ್ಬೋದು. ಇದಕ್ಕಿಂತ ಅಗ್ಗದ ಬಾಬ್ತು ಇನ್ನೊಂದೈತಾ?" ಎಂದು ನನ್ನ ಮಂಡಿ ತಟ್ಟಿದಳು. ಸೊಪ್ಪು ಕೊಯ್ದು ಕೊಯ್ದು ಅವಳ ಕೈಗೆ ಹತ್ತಿದ ಹಸಿರು ತೊಳೆದರೂ ಹೋಗಿರಲಿಲ್ಲ.

ನಾನು ಸುಮ್ಮನಾದೆ. ನನ್ನ ಮೌನದಿಂದ ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತು. ಅದೊಂದು ವಿಚಿತ್ರ ಸುಖ.

ಗೌನಿಪಲ್ಲಿಯಲ್ಲಿ ಚನ್ನರಾಯಪ್ಪನವರ ಮನೆಯ ತೊಟ್ಟಿಯಂಗಳದಲ್ಲಿ ಹದಿನೈದಿಪ್ಪತ್ತು ಗಂಡಸರು ನಿಂತಿದ್ದರು. ದೊಡ್ಡಗಂಗಮ್ಮ ಕಂಬಕ್ಕೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಇಷ್ಟು ಚಿಕ್ಕ ಹೆಂಗಸು ಎಂದು ನಾನೆಣಿಸಿರಲಿಲ್ಲ. ಮೊಣಕಾಲು ಎದೆಗೆ ಸೇರಿಸಿ ಕೂತರೆ ಒಂದು ಹಿಡಿ. ಚನ್ನರಾಯಪ್ಪನವರು ಅವರ ಕಿವಿಯ ಹತ್ತಿರ ಬಾಗಿ, ಹಾಡು ಕಟ್ಟಿದೋಳು ಇವಳೇ, ಅವ್ವ, ಎಂದರು. ಮುನಿಯಲ್ಲಮ್ಮ ಎಲೆಅಡಿಕೆಯ ತಟ್ಟೆ ಹಿಡಿದು ಮುಂದೆ ಹೋಗಿ, ತಲೆ ಬಗ್ಗಿಸಿ, ತಪ್ಪಾಯ್ತವ್ವ ಎಂದಳು. ಚೆನ್ನಾಗಿ ಹೇಳಿದಳು. ಗಂಡಸರಲ್ಲಿ ಒಬ್ಬಿಬ್ಬರು ಆಗಲೇ ಮೈ ಸಡಿಲಿಸಿ ಕೂತರು. ಅಪ್ಪನ ಮುಖ ತಿಳಿಯಾಯಿತು.

ಅಜ್ಜಿ ಎಲೆ ಮುಟ್ಟಲಿಲ್ಲ.

"ನಂಗೆ ಸಿಟ್ಟಿಲ್ಲಮ್ಮ," ಎಂದರು. "ಒಂದೇ ಒಂದು ಕೇಳ್ಬೇಕು ಅಂತ ನಾಕು ವರ್ಷದಿಂದ ಇತ್ತು. ನಾನು ತೋಪಲ್ಲಿ ಕೂತಿದ್ದದ್ದು ನಿಂಗೆ ಗೊತ್ತಿತ್ತಾ, ಹಾಡು ಕಟ್ದಾಗ?"

ಮುನಿಯಲ್ಲಮ್ಮ ತಟ್ಟೆಯ ಎಲೆಗಳನ್ನು ಸರಿಪಡಿಸಿದಳು. ನನ್ನ ಕಡೆ ನೋಡಲಿಲ್ಲ, ನೋಡಬಾರದೆಂದು ನೋಡಲಿಲ್ಲ. "ಗೊತ್ತಿರ್ಲಿಲ್ಲ, ನಮ್ಮವ್ವ."

ಅಜ್ಜಿ ನಿಧಾನವಾಗಿ ತಲೆಯಾಡಿಸಿದರು. ಮಗನ ಕಡೆಗೆ ತಿರುಗಿದರು. "ಕೇಳಿದೇನಪ್ಪಾ? ಯಾರಿಗೂ ಗೊತ್ತೇ ಇರ್ಲಿಲ್ಲ. ಅವರದೇನು ತಪ್ಪು? ನಾನೇ ನಾಕು ಜನದ ಮುಂದೆ ಬಂದು ಹೇಳ್ಬೇಕಿತ್ತು, ನನ್ನ ಮಗ ಬಂದಿದ್ದು ಕಾಯಿಗಲ್ಲ, ನನ್ನ ಹೊಟ್ಟೆಗೆ ಅಂತ. ಬಾಯಿ ಇದ್ದೂ ಸುಮ್ನೆ ಕೂತೆ. ತಪ್ಪು ನಂದೇ. ನನ್ನಿಂದ್ಲೇ ನಿನ್ನ ಹೆಸರು ಕೆಟ್ಟಿದ್ದು."

"ಅವ್ವ, ಬಿಡು," ಎಂದರು ಚನ್ನರಾಯಪ್ಪನವರು.

"ಬಿಡ್ತೀನಿ. ಅವಳು ತಪ್ಪಾಯ್ತು ಅನ್ನೋದು ಯಾಕೆ, ನಾನಲ್ವಾ ಅನ್ಬೇಕಾದ್ದು," ಎಂದು ಅಜ್ಜಿ ಆ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು, ಎಲೆ ತೆಗೆದುಕೊಳ್ಳುವ ಬದಲು, ತಟ್ಟೆಯ ಸಮೇತ ಮಗನ ಕಡೆಗೆ ಎತ್ತಿದರು. ತೋಳು ಕಡ್ಡಿಯಂತಿತ್ತು. ಚನ್ನರಾಯಪ್ಪನವರು ಕೈ ಚಾಚಲಾರದೆ, ಚಾಚದಿರಲಾರದೆ, ಮಗುವಿನಂತೆ ನಿಂತಿದ್ದರು. ಅಕ್ಕಯಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡರು. ಅಪ್ಪ ನೆಲ ನೋಡಿದರು.

ನಾನು ಯಾವಾಗ ಎದ್ದೆನೋ ತಿಳಿಯದು. ತೊಟ್ಟಿ ದಾಟಿ, ಅಷ್ಟು ಗಂಡಸರ ನಡುವೆ ಹಾದು, ಅಜ್ಜಿಯ ಚಾಪೆಯ ಅಂಚಿನಲ್ಲಿ ಕೂತಿದ್ದೆ. ಆ ತಟ್ಟೆಯ ಅಡಿಗೆ ನನ್ನ ಕೈಗಳನ್ನೂ ಕೊಟ್ಟು ಅದನ್ನು ಕೆಳಗಿಳಿಸಿದೆ. ಹಿಂದಿನಿಂದ ಮುನಿಯಲ್ಲಮ್ಮ "ಅಮ್ಮಣ್ಣೀ" ಎಂದದ್ದು ಕೇಳಿಸಿತು, ಬೇಡ ಎನ್ನುವ ಹಾಗೆ. ಅಪ್ಪ ತಲೆಯೆತ್ತಿದ್ದರು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ನಾನು ಯಾರೆಂದು ತಿಳಿಯಲು ಅವರು ನನ್ನ ಗಲ್ಲ ಮುಟ್ಟಿ ನೋಡಿದರು. ಬೆರಳು ತಣ್ಣಗಿತ್ತು.

"ನಿಮ್ಮ ತಪ್ಪಲ್ಲ ಅಜ್ಜಿ," ಎಂದೆ. ತೊಟ್ಟಿಯ ಆ ಮೂಲೆಗೂ ಕೇಳುವಷ್ಟು ನನ್ನ ದನಿ ದೊಡ್ಡದಿತ್ತು. "ಹಾಡು ಕಟ್ಟಿದ್ದು ಮುನಿಯಲ್ಲಮ್ಮ ಅಲ್ಲ, ನಾನು. ನೀವು ತೋಪಲ್ಲಿ ಇದ್ದಿದ್ದು ನನಗೆ ಗೊತ್ತಿತ್ತು."